ಬಿಸಿ ಲೋಹಕ್ಕೆ ಅವಸರ ಆಗದು

(ಕಾಪು ಸಮೀಪದ ಶಾಲೆಯೊಂದರಲ್ಲಿ ಊರವರ ಮತ್ತು ಹೈಸ್ಕೂಲ್ ಮಕ್ಕಳ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈಗ ಹೊರಗೆ ಚಾ ಕುಡಿಯುತ್ತಿದ್ದಾಗ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಹತ್ತಿರ ಬಂದ. "ಸಾರ್, ರಾತ್ರಿ ಎಲ್ಲರೂ ಮಲಗಿದ ಮೇಲೂ ಆ ಕರೆಂಟಿನ ಸ್ಥಾವರದ ಚಿಮಣಿಯಲ್ಲಿ ಹೊಗೆ ಬರ್ತದಲ್ಲ. ರಾತ್ರಿ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡ್ಲಿಕ್ಕೆ ಆಗುದಿಲ್ವಾ?" ಅಂತ ಕೇಳಿದ. ನಾನು ಇಂಥ ಸ್ಥಾವರಗಳ ಟರ್ಬೈನ್, ಅಂದರೆ ಆವಿಯ ಬಲದಿಂದ ತಿರುಗುವ ಯಂತ್ರದ, ಮೇಂಟೆನೆನ್ಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ಇಷ್ಟು ಸರಿಯಾದ ಪ್ರಶ್ನೆಯನ್ನು ದೊಡ್ಡವರೂ ಕೇಳುವುದು ಕಡಿಮೆ. ಬೇರೆ ಏನೋ ಬರೆದುಕೊಂಡು ಬಂದಿದ್ದೆ. ಅದನ್ನು ಬದಿಗಿಟ್ಟು ಈ ಹುಡುಗನ ಪ್ರಶ್ನೆಯ ಹಿಂದೆಯೇ ಹೋಗುತ್ತೇನೆ.

ನನ್ನ ತಂದೆ ನೇತ್ರಾವತಿ ದಂಡೆಯ ಹಂಚಿನ ಕಾರ್ಖಾನೆಯಲ್ಲಿ ಬಟ್ಟಿಯ ಕೆಲಸಕ್ಕಿದ್ದರು. ಜೆಪ್ಪುವಿನಲ್ಲಿ ಬಾಸೆಲ್ ಮಿಷನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ನದಿಯುದ್ದಕ್ಕೂ ಕಾರ್ಖಾನೆಗಳಾದವು. ಇಲ್ಲಿ ಕೂತ ಹಿರಿಯರಲ್ಲಿ ಕೆಲವರಾದರೂ ಆ ಚಿಮಣಿಗಳ ನೆರಳಲ್ಲೇ ಬೆಳೆದವರು, ಅಲ್ವಾ? ಬಟ್ಟಿಗೆ ಬೆಂಕಿಯನ್ನು ಮೆಲ್ಲ ಏರಿಸಬೇಕು, ಆಮೇಲೆ ಅಷ್ಟೇ ಮೆಲ್ಲ ಆರಲು ಬಿಡಬೇಕು. ಆರ್ಡರ್ ಅವಸರದ್ದು ಅಂತ ಬಾಗಿಲು ಬೇಗ ಒಡೆದರೆ ತಂಪು ಗಾಳಿ ನುಗ್ಗಿ ಹಂಚು ಟಿಕ್ ಟಿಕ್ ಅಂತ ಬಿರುಕು ಬಿಡುತ್ತದೆ. "ಬೆಂಕಿ ಹಾಕ್ಲಿಕ್ಕೆ ಯಾರಿಗೂ ಬರ್ತದೆ, ಆರಿಸ್ಲಿಕ್ಕೆ ಕಲೀಬೇಕು" ಅಂತ ತಂದೆ ಹೇಳುತ್ತಿದ್ದರು. ನಾನು ಇಂಜಿನಿಯರಿಂಗ್ ಓದಿ ಬಾಯ್ಲರ್ ಟರ್ಬೈನುಗಳ ನಡುವೆ ಹೋಗಿ ನಿಂತ ಮೇಲೆ ಈ ಮಾತಿನ ಅರ್ಥ ಪೂರ್ತಿಯಾಗಿ ಆಯಿತು.

ಮೊದಲು ಕಲ್ಲಿದ್ದಲಿನಿಂದ ಹೊರಡೋಣ. ನಂದಿಕೂರು, ಎಳ್ಳೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ನಿಮಗೆಲ್ಲ ಗೊತ್ತು. 600 ಮೆಗಾವ್ಯಾಟಿನ ಎರಡು ಯೂನಿಟ್, ಅಂದರೆ ಬಾಯ್ಲರ್ ಟರ್ಬೈನುಗಳ ಎರಡು ಜೋಡಿ, ಒಟ್ಟು 1,200 ಮೆಗಾವ್ಯಾಟ್. 2010ರಿಂದ 2012ರ ಒಳಗೆ ಶುರುವಾದದ್ದು. ಅದಕ್ಕೂ ಮೊದಲು ಇದೇ ಕಡೆಗೆ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿಯ ವಿದ್ಯುತ್ ಯೋಜನೆ ಬಂದಿತ್ತು. ಅದರ ವಿರುದ್ಧ ವರ್ಷಗಟ್ಟಲೆ ಹೋರಾಟ ನಡೆಯಿತು. 1999ರ ಕೊನೆಯಲ್ಲಿ ಕಂಪನಿ ಹಿಂದೆ ಸರಿಯಿತು. ಆ ಚರಿತ್ರೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುವುದರಿಂದ ಅದನ್ನು ಇಲ್ಲಿಗೆ ಬಿಡುತ್ತೇನೆ.

ಈ ಸ್ಥಾವರವನ್ನು ಕಟ್ಟಿದ್ದೇ ಹೊರದೇಶದ ಕಲ್ಲಿದ್ದಲಿಗೆ. ಅದು ಪಣಂಬೂರಿನ ಬಂದರಿನಲ್ಲಿ ಹಡಗಿನಿಂದ ಇಳಿದು ರೈಲಿನಲ್ಲಿ ಬರುತ್ತದೆ. 600 ಮೆಗಾವ್ಯಾಟಿನ ಒಂದು ಯೂನಿಟ್ ಪೂರ್ತಿ ಲೋಡಿನಲ್ಲಿ ಓಡಿದರೆ, ಒಳ್ಳೆಯ ಕಲ್ಲಿದ್ದಲೇ ಆದರೂ, ಗಂಟೆಗೆ ಸುಮಾರು 250 ಟನ್ ಬೇಕು. ಒಂದು ವ್ಯಾಗನ್ನಿನಲ್ಲಿ ಸುಮಾರು 60 ಟನ್ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಗಂಟೆಗೆ ನಾಲ್ಕು ವ್ಯಾಗನ್ ಒಲೆಗೆ ಹೋದ ಹಾಗಾಯಿತು. ನಾವು ಇಲ್ಲಿ ಕೂತು ಮಾತಾಡುವ ಹೊತ್ತಿಗೆ ನಾಲ್ಕು ಖಾಲಿ.

ಕಲ್ಲಿದ್ದಲನ್ನು ಇದ್ದ ಹಾಗೇ ಉರಿಸುವುದಿಲ್ಲ. ಕ್ರಷರಿನಲ್ಲಿ ಒಡೆದು, ಬೆಲ್ಟಿನ ಮೇಲೆ ಬಂಕರ್ ಅನ್ನುವ ದೊಡ್ಡ ತೊಟ್ಟಿಗೆ ಏರಿಸಿ, ಅಲ್ಲಿಂದ ಮಿಲ್ಲಿಗೆ ಬಿಡುತ್ತಾರೆ. ಮಿಲ್ ಅಂದರೆ ಬೀಸುವ ಕಲ್ಲು ಅಂತಲೇ ತಿಳಿಯಿರಿ. ತಿರುಗುವ ದೊಡ್ಡ ಬೋಗುಣಿ, ಅದರ ಮೇಲೆ ಒತ್ತಿ ಹಿಡಿದ ಟನ್ನುಗಟ್ಟಲೆ ತೂಕದ ರೋಲರುಗಳು. ಹೊರಗೆ ಬರುವ ಪುಡಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ. ಬಿಸಿ ಗಾಳಿ ಅದನ್ನು ಎತ್ತಿಕೊಂಡು ಪೈಪಿನಲ್ಲಿ ಬಾಯ್ಲರಿಗೆ ಊದುತ್ತದೆ. ಅಲ್ಲಿ ಅದು ಗ್ಯಾಸಿನ ಹಾಗೆ ಗಾಳಿಯಲ್ಲೇ ಹೊತ್ತಿ ಉರಿಯುತ್ತದೆ.

ನಮ್ಮ ಕರಾವಳಿಯ ಮಳೆಗಾಲ ಈ ದಾರಿಗೆ ದೊಡ್ಡ ಶತ್ರು. ಒದ್ದೆ ಕಲ್ಲಿದ್ದಲು ಅಂದರೆ ಕೆಸರು. ಇಳಿಜಾರಿನ ಚ್ಯೂಟಿನಲ್ಲಿ ಅಂಟಿ ಕೂತುಬಿಡುತ್ತದೆ. ಮೇಲೆ ಬಂಕರ್ ತುಂಬ ಕಲ್ಲಿದ್ದಲು ಇರುತ್ತದೆ, ಕೆಳಗೆ ಮಿಲ್ಲಿಗೆ ಒಂದು ಹಿಡಿಯೂ ಬೀಳುವುದಿಲ್ಲ. ಆಗ ಒಳಗಿನ ಜ್ವಾಲೆ ನಡುಗಲು ಶುರು. ಕಂಟ್ರೋಲ್ ರೂಮಿನಿಂದ ಎಣ್ಣೆ ಬರ್ನರ್ ಹಾಕಿ ಜ್ವಾಲೆ ಹಿಡಿದಿಡುತ್ತಾರೆ. ಹೊರಗೆ ಮಳೆಯಲ್ಲಿ ನೆನೆಯುತ್ತ ಕೂಲಿಯವರು ಸುತ್ತಿಗೆ, ಸಬ್ಬಲ್ ಹಿಡಿದು ಚ್ಯೂಟಿಗೆ ಬಡಿಯುತ್ತಿರುತ್ತಾರೆ. ಇಷ್ಟು ದೊಡ್ಡ ಯಂತ್ರ ಕೊನೆಗೆ ಅವರ ಕೈಯ ಬಲದ ಮೇಲೆ ನಿಂತ ರಾತ್ರಿಗಳನ್ನು ನಾನು ತುಂಬ ಕಂಡಿದ್ದೇನೆ. ಅವರ ಹೆಸರು ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ಅದಕ್ಕೇ ಇಲ್ಲಿ ಹೇಳಿದೆ.

ಇನ್ನು ಬಾಯ್ಲರ್. ಕುಚ್ಚಲಕ್ಕಿ ಮಿಲ್ಲಿನ ಬಾಯ್ಲರ್ ನೋಡಿದ್ದೀರಿ. ಅದು ನೆಲದ ಮೇಲೆ ಕೂತಿರುತ್ತದೆ. ಇಲ್ಲಿಯ ಬಾಯ್ಲರ್ ಕೂರುವುದಿಲ್ಲ, ನೇತಾಡುತ್ತದೆ. ಇಪ್ಪತ್ತು ಮಹಡಿ ಎತ್ತರದ ಉಕ್ಕಿನ ಚೌಕಟ್ಟು ಕಟ್ಟಿ, ಅದರ ತುದಿಯ ತೊಲೆಗಳಿಂದ ಕಬ್ಬಿಣದ ಸಲಾಕೆಗಳಲ್ಲಿ ಇಡೀ ಬಾಯ್ಲರನ್ನು ತೂಗುಹಾಕಿರುತ್ತಾರೆ, ತೊಟ್ಟಿಲಿನ ಹಾಗೆ. ಯಾಕೆ ಗೊತ್ತಾ ಮಕ್ಕಳೇ? ಬಿಸಿಯಾದ ಉಕ್ಕು ಹಿಗ್ಗುತ್ತದೆ. ಅರವತ್ತು ಮೀಟರ್ ಎತ್ತರದ ಬಾಯ್ಲರ್ ತಣ್ಣಗಿದ್ದಾಗ ಇದ್ದ ಉದ್ದಕ್ಕಿಂತ ಬಿಸಿಯಾದಾಗ ಹತ್ತಿರ ಹತ್ತಿರ ಒಂದು ಅಡಿ ಜಾಸ್ತಿ ಆಗುತ್ತದೆ. ನೆಲಕ್ಕೆ ಕೂರಿಸಿದರೆ ಆ ಒಂದು ಅಡಿ ಹೋಗಬೇಕೆಲ್ಲಿಗೆ? ತಾನೂ ಮುರಿಯುತ್ತದೆ, ಸುತ್ತಲಿನದನ್ನೂ ಮುರಿಯುತ್ತದೆ. ತೂಗುಹಾಕಿದರೆ ಸುಮ್ನೆ ಕೆಳಕ್ಕೆ ಇಳಿಯುತ್ತದೆ. ಬಾಯ್ಲರಿನ ಬುಡದಲ್ಲಿ ಮುಳ್ಳು ಮತ್ತು ಅಳತೆಪಟ್ಟಿ ಇಟ್ಟಿರುತ್ತಾರೆ. ಬೆಂಕಿ ಹಾಕಿದ ದಿನ ಗಂಟೆಗೊಮ್ಮೆ ಹೋಗಿ ಎಷ್ಟು ಇಳಿದಿದೆ ಅಂತ ಬರೆದುಕೊಳ್ಳಬೇಕು. ನಾಲ್ಕು ಮೂಲೆಯೂ ಸಮವಾಗಿ ಇಳಿಯುತ್ತಿದ್ದರೆ ಸರಿ. ಒಂದು ಮೂಲೆ ನಿಂತುಬಿಟ್ಟರೆ ಎಲ್ಲೋ ಏನೋ ಸಿಕ್ಕಿಕೊಂಡಿದೆ ಅಂತ ಅರ್ಥ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ನನಗೆ ಕೊಟ್ಟದ್ದು ಇದೇ ಕೆಲಸ. ಟಾರ್ಚ್ ಹಿಡಿದು ನೋಡುವಾಗ ಮುಳ್ಳು ಅಲುಗಿದ್ದು ಕಾಣುವುದಿಲ್ಲ. ಗಂಟೆ ಬಿಟ್ಟು ಬಂದರೆ ಒಂದು ಬೆರಳಿನಷ್ಟು ಇಳಿದಿರುತ್ತದೆ. ಅಷ್ಟು ದೊಡ್ಡ ಜೀವ ಉಸಿರು ಬಿಟ್ಟ ಹಾಗೆ ಅನಿಸುತ್ತಿತ್ತು.

ಬಾಯ್ಲರಿನ ತುದಿಯಲ್ಲಿ ಡ್ರಮ್ ಇರುತ್ತದೆ. ನೀರು ಮತ್ತು ಆವಿ ಬೇರೆಯಾಗುವ ಹಂಡೆ ಅದು. ಅದರ ಗೋಡೆಯ ದಪ್ಪ ಒಂದು ಗೇಣಿಗೆ ಸ್ವಲ್ಪ ಕಡಿಮೆ. ಒಳಮೈ ಬೇಗ ಬಿಸಿಯಾಗಿ ಹೊರಮೈ ತಡವಾಗಿ ಬಿಸಿಯಾದರೆ ಉಕ್ಕಿನೊಳಗೇ ಜಗಳ. ಹಾಗಾಗಿ ಶುರುವಿನಲ್ಲಿ ನಿಮಿಷಕ್ಕೆ ಒಂದೆರಡು ಡಿಗ್ರಿಯ ಲೆಕ್ಕದಲ್ಲಿ ಬಿಸಿ ಏರಿಸುತ್ತಾರೆ. ಡ್ರಮ್ಮಿನಿಂದ ಹೊರಟ ಆವಿಯನ್ನು ಮತ್ತೆ ಬೆಂಕಿಯಲ್ಲಿ ಹಾಯಿಸಿ 540 ಡಿಗ್ರಿಗೆ ತರುತ್ತಾರೆ. ಆ ಬಿಸಿಗೆ ಕತ್ತಲಲ್ಲಿ ಬರಿಯ ಉಕ್ಕು ಮಸುಕಾಗಿ ಕೆಂಪು ಕಾಣುತ್ತದೆ. ಒತ್ತಡ ನಮ್ಮ ಸುತ್ತಲಿನ ಗಾಳಿಯ 170 ಪಟ್ಟಿನ ಹತ್ತಿರ. ಅಂಥ ಆವಿ ಎಲ್ಲಾದರೂ ಸೋರಿದರೆ ಕಣ್ಣಿಗೆ ಕಾಣುವುದಿಲ್ಲ, ಬರೀ ಶಬ್ದ ಕೇಳುತ್ತದೆ. ಇಡ್ಲಿ ಪಾತ್ರೆಯ ಬಾಯಲ್ಲಿ ಬಿಳಿ ಕಾಣುವುದು ತಣ್ಣಗಾಗಿ ಹನಿಯಾದ ಆವಿ, ಇದು ಹಾಗಲ್ಲ. ಹಳೆಯ ಫಿಟ್ಟರುಗಳು ಕೋಲಿನ ತುದಿಗೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಹಿಡಿಸೂಡಿಯನ್ನೇ ಮುಂದೆ ಚಾಚಿಕೊಂಡು ನಡೆಯುತ್ತಿದ್ದರು. ಸೂಡಿಯ ಕಡ್ಡಿ ಕತ್ತರಿಸಿ ಹಾರಿದ ಕಡೆ ಸೋರಿಕೆ. ಮುಂದೆ ಕೈ ಹೋಗಬಾರದು.

ಈ ಆವಿ ಟರ್ಬೈನಿಗೆ ಹೋಗುತ್ತದೆ. ಒಂದೇ ಅಕ್ಷದ ಮೇಲೆ ಸಾಲಾಗಿ ಹೈ ಪ್ರೆಶರ್, ಇಂಟರ್ಮೀಡಿಯೆಟ್, ಲೋ ಪ್ರೆಶರ್ ಟರ್ಬೈನುಗಳು, ಕೊನೆಯಲ್ಲಿ ಜನರೇಟರ್. ನಿಮಿಷಕ್ಕೆ 3,000 ಸುತ್ತು. ಸೆಕೆಂಡಿಗೆ 50. ನಿಮ್ಮ ಮನೆಯ ಕರೆಂಟು 50 ಹರ್ಟ್ಸ್ ಅಂತ ಓದಿದ್ದೀರಲ್ಲ, ಅದು ಈ ತಿರುಗಾಟದ ಲೆಕ್ಕವೇ. ಕೊನೆಯ ಸಾಲಿನ ಬ್ಲೇಡು ಸುಮಾರು ಒಂದು ಮೀಟರ್ ಉದ್ದ ಇರುತ್ತದೆ. ಅದರ ತುದಿ ಸೆಕೆಂಡಿಗೆ 500 ಮೀಟರಿಗೂ ಜಾಸ್ತಿ ವೇಗದಲ್ಲಿ ಓಡುತ್ತದೆ, ಶಬ್ದಕ್ಕಿಂತ ಬೇಗ. ಇಷ್ಟು ವೇಗದಲ್ಲಿ ತಿರುಗುವ ರೋಟರಿಗೂ, ಅಂದರೆ ಬ್ಲೇಡು ಕೂರಿಸಿದ ಅಕ್ಷಕ್ಕೂ, ಆವಿ ಸೋರದಂತೆ ಅದರ ಸುತ್ತ ಇಟ್ಟ ಸೀಲಿನ ಹಲ್ಲುಗಳಿಗೂ ನಡುವೆ ಇರುವ ಜಾಗ ಒಂದು ಮಿಲಿಮೀಟರಿಗಿಂತ ಕಡಿಮೆ. ನಿಮ್ಮ ಉಗುರಿನ ದಪ್ಪ ಅಂತ ಇಟ್ಟುಕೊಳ್ಳಿ.

ಈ ಉಗುರಿನ ದಪ್ಪದಲ್ಲೇ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಉಂಟು.

ಓಡುತ್ತಿರುವ ಯೂನಿಟ್ ನಿಂತಿತು ಅಂತ ಇಟ್ಟುಕೊಳ್ಳಿ. ಆವಿ ಬಂದ್ ಆಯಿತು. ರೋಟರ್ ತಕ್ಷಣ ನಿಲ್ಲುವುದಿಲ್ಲ, ಅರ್ಧ ಗಂಟೆಯ ಹತ್ತಿರ ತನ್ನಷ್ಟಕ್ಕೆ ತಿರುಗಿ ತಿರುಗಿ ನಿಧಾನವಾಗುತ್ತದೆ. ಆಮೇಲೆ? ಬಿಟ್ಟುಬಿಡುವ ಹಾಗಿಲ್ಲ. ಒಳಗೆ ಇನ್ನೂ ನಾಲ್ಕೈದು ನೂರು ಡಿಗ್ರಿ ಬಿಸಿ. ಬಿಸಿ ಮೇಲಕ್ಕೆ ಏರುವುದು ಸಹಜ. ನಿಂತ ರೋಟರಿನ ಮೇಲ್ಭಾಗ ಬಿಸಿಯಾಗಿಯೇ ಇರುತ್ತದೆ, ಕೆಳಭಾಗ ಬೇಗ ತಣಿಯುತ್ತದೆ. ಬಿಸಿ ಕಡೆಯ ಉಕ್ಕು ಜಾಸ್ತಿ ಹಿಗ್ಗಿ ಇಡೀ ರೋಟರ್ ಬಿಲ್ಲಿನ ಹಾಗೆ ಬಾಗುತ್ತದೆ. ಬಾಗಿದ್ದು ಕಣ್ಣಿಗೆ ಕಾಣುವಷ್ಟಲ್ಲ. ಆದರೆ ಉಗುರಿನ ದಪ್ಪದ ಜಾಗ ನುಂಗಲು ಅಷ್ಟು ಸಾಕು. ಹಾಗೆ ಬಾಗಿದ ರೋಟರನ್ನು ಮತ್ತೆ ತಿರುಗಿಸಿದರೆ ಸೀಲು ಉಜ್ಜಿ, ಬೇರಿಂಗ್ ಹೋಗಿ, ರೋಟರೇ ಶಾಶ್ವತವಾಗಿ ಬಾಗಿ ಹೋಗಬಹುದು. ಅದಕ್ಕೇ ಬ್ಯಾರಿಂಗ್ ಗೇರ್ ಅಂತ ಒಂದು ಇರುತ್ತದೆ. ಚಿಕ್ಕ ಮೋಟರ್, ಕೆಲವು ಹಲ್ಲಿನ ಚಕ್ರಗಳು. ಯೂನಿಟ್ ನಿಂತ ಕೂಡಲೇ ಅದು ರೋಟರನ್ನು ಹಿಡಿದು ಮೆಲ್ಲ ತಿರುಗಿಸುತ್ತ ಇರಬೇಕು. ನಾನಿದ್ದ ಹಳೆಯ ಮೆಷಿನ್ನುಗಳಲ್ಲಿ ನಿಮಿಷಕ್ಕೆ ಮೂರು ನಾಲ್ಕು ಸುತ್ತು. ಎರಡು ಮೂರು ದಿನ, ಒಳಗಿನ ಬಿಸಿ ಇಳಿಯುವವರೆಗೆ, ಹಗಲು ರಾತ್ರಿ. ರೊಟ್ಟಿಯನ್ನು ಎರಡೂ ಕಡೆ ತಿರುವಿ ಹಾಕಿದ ಹಾಗೆ.

ಒಂದು ರಾತ್ರಿಯ ಕತೆ ಹೇಳಬೇಕು. ಸ್ಥಾವರದ ಹೆಸರು ಬೇಡ. ನಾನು ಕೆಲಸಕ್ಕೆ ಸೇರಿ ಆರೇಳು ವರ್ಷ ಆಗಿತ್ತು. ಗುಡುಗು ಮಳೆಯ ರಾತ್ರಿ, ಕರೆಂಟು ಹೊರಗಿನ ಲೈನಿಗೆ ಸೇರುವ ಸ್ವಿಚ್‌ಯಾರ್ಡಿನಲ್ಲಿ ಏನೋ ಸಿಡಿದು ಇಡೀ ಸ್ಥಾವರಕ್ಕೆ ಕರೆಂಟು ಹೋಯಿತು. ಕರೆಂಟು ಮಾಡುವ ಜಾಗದಲ್ಲೇ ಕರೆಂಟು ಇಲ್ಲ. ಅಂಥ ಹೊತ್ತಿಗೆಂದೇ ಡೀಸೆಲ್ ಜನರೇಟರ್ ಇಟ್ಟಿರುತ್ತಾರೆ. ಅದು ಹೊತ್ತಿಕೊಳ್ಳಲಿಲ್ಲ. ಬ್ಯಾಟರಿಯಲ್ಲಿ ಓಡುವ ಒಂದು ಎಣ್ಣೆ ಪಂಪು ಮಾತ್ರ ಗುಂಯ್ ಅನ್ನುತ್ತ ಬೇರಿಂಗುಗಳಿಗೆ ಎಣ್ಣೆ ಕೊಡುತ್ತಿತ್ತು. ಕತ್ತಲಲ್ಲಿ ರೋಟರ್ ನಿಧಾನವಾಗುವ ಶಬ್ದ ಮಾತ್ರ. ಆ ಶಬ್ದ ದಿನಾ ಕೇಳಿ ಕೇಳಿ ನಮ್ಮ ಕಿವಿಗೆ ಮರೆತೇ ಹೋಗಿರುತ್ತದೆ. ಅದು ಇಳಿಯುತ್ತ ಇಳಿಯುತ್ತ ನಿಂತಾಗ ಹಾಲ್ ಪೂರ್ತಿ ಮೌನ. ಬ್ಯಾರಿಂಗ್ ಮೋಟರಿಗೆ ಕರೆಂಟಿಲ್ಲ. ರೋಟರ್ ಬಾಗಲು ಶುರುವಾಗಿದೆ ಅಂತ ನಮಗೆಲ್ಲ ಗೊತ್ತು.

ಶಿಫ್ಟ್ ಇನ್‌ಚಾರ್ಜ್ ಹಿರಿಯರು. ಮಾತು ಕಡಿಮೆ. "ಕೈ ಬ್ಯಾರಿಂಗ್ ಹಾಕಿ" ಅಂದರು, ಅಷ್ಟೇ. ಗೇರಿನ ತುದಿಗೆ ಉದ್ದ ಹಿಡಿಕೆ ಸಿಕ್ಕಿಸಿ, ನಾಲ್ಕು ಜನ ಹಿಡಿದು ತಳ್ಳಬೇಕು. ಆ ಕಡೆ ನೂರು ಟನ್ನಿನ ಹತ್ತಿರದ ತೂಕ. ಹಲ್ಲುಗಳ ಲೆಕ್ಕದಿಂದಾಗಿ ನಾಲ್ಕು ಜನರ ಬಲಕ್ಕೆ ಅದು ಅಲುಗುತ್ತದೆ, ಆದರೆ ಹಿಡಿಕೆಯನ್ನು ಎಷ್ಟೋ ಸಲ ತಳ್ಳಿದರೆ ರೋಟರ್ ಅರ್ಧ ಸುತ್ತು. ನಾನು ಅಕ್ಷಗಳನ್ನು ಜೋಡಿಸುವ ಕಪ್ಲಿಂಗಿನ ಮೇಲೆ ಚಾಕಿನಲ್ಲಿ ಗೆರೆ ಎಳೆದು ಟಾರ್ಚ್ ಹಿಡಿದು ಕೂತೆ. ಮೇಲಿದ್ದ ಗೆರೆ ಕೆಳಗೆ ಬಂದಾಗ "ಸಾಕು" ಅನ್ನಬೇಕು. ಹದಿನೈದು ನಿಮಿಷ ಕಾಯಬೇಕು. ಮತ್ತೆ ತಳ್ಳಬೇಕು, ಗೆರೆ ಮೇಲೆ ಬರಬೇಕು. ಬಿಸಿ ಕಡೆ ಕೆಳಗೆ, ತಂಪು ಕಡೆ ಮೇಲೆ. ಕೈಯಲ್ಲಿ ಗಡಿಯಾರ, ಕಣ್ಣು ಗೆರೆಯ ಮೇಲೆ. ಎರಡೂವರೆ ಗಂಟೆ ಹೀಗೇ ನಡೆಯಿತು. ಕ್ಯಾಂಟೀನಿನ ಹುಡುಗನೂ ಬಂದು ಹಿಡಿಕೆಗೆ ಕೈ ಕೊಟ್ಟ. ಬೆವರು, ಎಣ್ಣೆಯ ವಾಸನೆ, ಹೊರಗೆ ಮಳೆ. ಬ್ಯಾಟರಿ ಇಳಿದು ಎಣ್ಣೆ ಪಂಪು ನಿಂತರೆ ಮುಂದೇನು ಅಂತ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಕರೆಂಟು ಬಂದಾಗ ಬ್ಯಾರಿಂಗ್ ಮೋಟರ್ ಹಾಕಿ ಮೀಟರ್ ನೋಡಿದೆವು. ರೋಟರಿನ ಓಲಾಟ ಮಾಮೂಲಿಗಿಂತ ಎರಡು ಪಟ್ಟು ಇತ್ತು. ಬಾಗಿತ್ತು, ಆದರೆ ಕೈಮೀರಿ ಅಲ್ಲ. ಮರುದಿನ ಮಧ್ಯಾಹ್ನದವರೆಗೂ ಬರೀ ಮೆಲ್ಲ ತಿರುಗಿಸುತ್ತ ಕಾದೆವು. ಓಲಾಟ ಇಳಿಯುತ್ತ ಇಳಿಯುತ್ತ ಮಾಮೂಲಿಗೆ ಬಂತು. ಮೇಲಿನಿಂದ ಫೋನಿನ ಮೇಲೆ ಫೋನ್, ಯಾವಾಗ ಶುರು ಮಾಡ್ತೀರಿ ಅಂತ. ಇನ್‌ಚಾರ್ಜರು ಪ್ರತಿ ಸಲವೂ ಒಂದೇ ಉತ್ತರ ಕೊಟ್ಟರು: "ಅದು ಹೇಳಿದಾಗ." ಅಷ್ಟು ಜನ ಅವಸರ ಮಾಡುವಾಗ ಅವರೊಬ್ಬರು ಕಾದದ್ದರಿಂದ ಆ ಮೆಷಿನ್ ಉಳಿಯಿತು. ಆಮೇಲೆ ಎಷ್ಟೋ ವರ್ಷ ಅದು ಓಡಿತು.

ಹೀಗೆ ತಣ್ಣಗಾದ ಯೂನಿಟನ್ನು ಶುರು ಮಾಡುವುದಕ್ಕೂ ಅಷ್ಟೇ ತಾಳ್ಮೆ ಬೇಕು. ಪೂರ್ತಿ ತಣ್ಣಗಿದ್ದರೆ ಬೆಂಕಿ ಹಾಕಿದಲ್ಲಿಂದ ಕರೆಂಟು ಹೊರಗೆ ಹೋಗುವವರೆಗೆ ಎಂಟು ಹತ್ತು ಗಂಟೆಗೂ ಜಾಸ್ತಿ ಬೇಕಾಗುತ್ತದೆ. ನಡುವೆ ಕಡಿಮೆ ವೇಗದಲ್ಲಿ ತಿರುಗಿಸಿ ಲೋಹಕ್ಕೆ ಬಿಸಿ ಕುಡಿಸಬೇಕು. ನಾವು ಅದನ್ನು ಸೋಕಿಂಗ್ ಅನ್ನುತ್ತೇವೆ. ನಮ್ಮದೇ ಜಿಲ್ಲೆಯ ಹೊಸಂಗಡಿಯಲ್ಲಿ ನೆಲದೊಳಗೆ ವಾರಾಹಿ ಜಲವಿದ್ಯುತ್ ಕೇಂದ್ರ ಉಂಟಲ್ಲ, 460 ಮೆಗಾವ್ಯಾಟಿನದು. ಅಲ್ಲಿ ನೀರು ಬಿಟ್ಟ ಕೆಲವೇ ನಿಮಿಷದಲ್ಲಿ ಕರೆಂಟು. ನೀರಿಗೆ ಬಿಸಿ ಇಲ್ಲ, ಹಾಗಾಗಿ ಕಾಯುವ ಕೆಲಸವೂ ಇಲ್ಲ. ಆಫ್ ಆನ್ ಮಾಡಬೇಕಾದರೆ ಅದು ಸರಿ.

ಈಗ ಸಮುದ್ರದ ಕಡೆಗೆ ಬರುತ್ತೇನೆ. ಇದು ಕರಾವಳಿಯವರು ತಿಳಿಯಬೇಕಾದ ವಿಷಯ.

ಟರ್ಬೈನಿನಲ್ಲಿ ಕೆಲಸ ಮುಗಿಸಿದ ಆವಿ ಕೆಳಗಿನ ಕಂಡೆನ್ಸರಿಗೆ ಇಳಿಯುತ್ತದೆ. ಅಲ್ಲಿ ಸಾವಿರಾರು ಸಣ್ಣ ಟ್ಯೂಬುಗಳು. ಟ್ಯೂಬಿನ ಒಳಗೆ ತಣ್ಣನೆಯ ನೀರು, ಹೊರಗೆ ಆವಿ. ಆವಿ ತಣಿದು ನೀರಾಗಿ ಮತ್ತೆ ಬಾಯ್ಲರಿಗೆ ಹೋಗಬೇಕು. ಆವಿಯಾಗಿ ಹದಿನಾಲ್ಕು ಸಾವಿರ ಲೀಟರ್ ಜಾಗ ಹಿಡಿದಿದ್ದದ್ದು ಒಂದು ಲೀಟರ್ ನೀರಾಗಿ ಕುಗ್ಗುತ್ತದೆ. ಕುಗ್ಗಿದ ಜಾಗ ಖಾಲಿಯಾಗಿ ಅಲ್ಲಿ ನಿರ್ವಾತ ಉಂಟಾಗುತ್ತದೆ. ಆ ಎಳೆತ ಇದ್ದರೇ ಟರ್ಬೈನಿಗೆ ಪೂರ್ತಿ ಬಲ. ಆದರೆ ಇದಕ್ಕೆ ಕೊಡುವ ಬೆಲೆ ದೊಡ್ಡದು. ಉರಿಸಿದ ನೂರು ಪಾಲು ಬಿಸಿಯಲ್ಲಿ ಕರೆಂಟಾಗುವುದು ಮೂವತ್ತೆಂಟರ ಹತ್ತಿರ. ಉಳಿದದ್ದರಲ್ಲಿ ಬಹುಪಾಲು ಈ ಕಂಡೆನ್ಸರಿನ ತಣ್ಣೀರಿಗೆ ಸೇರಿ ಹೊರಗೆ ಹೋಗುತ್ತದೆ. 600 ಮೆಗಾವ್ಯಾಟಿನ ಯೂನಿಟಿಗೆ ಗಂಟೆಗೆ ಅರವತ್ತು ಎಪ್ಪತ್ತು ಸಾವಿರ ಟನ್ ತಣ್ಣೀರು ಸುತ್ತಬೇಕು. ಇಂಥ ಸ್ಥಾವರಗಳು ನದಿ ದಂಡೆ, ಸಮುದ್ರ ದಂಡೆ ಹುಡುಕುವುದು ಇದಕ್ಕೇ.

ಸಮುದ್ರದ ನೀರು ಬಳಸಿದರೆ ಇನ್ನೊಂದು ಅಪಾಯ. ಟ್ಯೂಬಿನ ಒಂದು ಕಡೆ ಲೀಟರಿಗೆ 35 ಗ್ರಾಂ ಉಪ್ಪಿನ ನೀರು. ಇನ್ನೊಂದು ಕಡೆ ನೂರು ಕೋಟಿಯಲ್ಲಿ ಕೆಲವೇ ಪಾಲು ಉಪ್ಪಿದ್ದರೂ ಗಂಟೆ ಬಾರಿಸುವಷ್ಟು ಶುದ್ಧವಾದ ಬಾಯ್ಲರ್ ನೀರು. ನಡುವಿನ ಗೋಡೆ ಒಂದು ಮಿಲಿಮೀಟರೂ ಇಲ್ಲ. ಇಡೀ ಯೂನಿಟಿನಲ್ಲಿ ಗಂಟೆಗೆ 1,800 ಟನ್ನಿನಷ್ಟು ಈ ಬಾಯ್ಲರ್ ನೀರು ಸುತ್ತುತ್ತದೆ. ಅದಕ್ಕೆ ಸೆಕೆಂಡಿಗೆ ಐದಾರು ಹನಿ ಸಮುದ್ರದ ನೀರು ಸೇರಿದರೂ ಲ್ಯಾಬಿನವರು ಓಡಿ ಬರುತ್ತಾರೆ. ಯಾಕೆಂದರೆ ಆವಿ ಹಾರಿ ಹೋಗುತ್ತದೆ, ಉಪ್ಪು ಬಾಯ್ಲರಿನಲ್ಲೇ ಉಳಿಯುತ್ತದೆ. ಟ್ಯೂಬಿನ ಒಳಮೈಯಲ್ಲಿ ಕೂತು ಉಕ್ಕನ್ನು ಒಳಗಿಂದಲೇ ತಿನ್ನುತ್ತದೆ. ಹೊರಗಿಂದ ನೋಡಿದರೆ ಟ್ಯೂಬು ಚೆನ್ನಾಗಿಯೇ ಕಾಣುತ್ತದೆ. ಒಂದು ದಿನ ಕಿಟಕಿ ಕತ್ತರಿಸಿದ ಹಾಗೆ ಚೌಕದ ತುಂಡೇ ಹಾರಿ ಹೋಗುತ್ತದೆ.

ತಮಿಳುನಾಡಿನ ಕಡಲ ತೀರದಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿ ಇಂಥದ್ದೊಂದು ಸೋರಿಕೆ ಹುಡುಕಿದ್ದು ನೆನಪಿದೆ. ಲೋಡ್ ಅರ್ಧಕ್ಕೆ ಇಳಿಸಿ, ಕಂಡೆನ್ಸರಿನ ಒಂದು ಭಾಗಕ್ಕೆ ನೀರು ನಿಲ್ಲಿಸಿ, ನೀರು ಬಸಿದು ಒಳಗೆ ಇಳಿದೆವು. ಎದುರಿಗೆ ಜೇನುಗೂಡಿನ ಹಾಗೆ ಸಾವಿರಾರು ತೂತುಗಳ ಗೋಡೆ. ಚಿಪ್ಪು, ಪಾಚಿ, ಮೀನಿನ ವಾಸನೆ. ಮಲ್ಪೆ ಬಂದರಿನಲ್ಲಿ ನಿಂತ ಹಾಗೇ ಅನಿಸಿತು. ಯಾವ ತೂತು ಅಂತ ಕಂಡುಹಿಡಿಯುವುದು ಹೇಗೆ? ಗೋಡೆಯ ತುಂಬ ಸೋಪಿನ ನೊರೆ ಬಳಿದೆವು. ಟ್ಯೂಬಿನ ಹೊರಗೆ ನಿರ್ವಾತ ಇನ್ನೂ ಎಳೆಯುತ್ತಿರುತ್ತದಲ್ಲ. ತೂತು ಬಿದ್ದ ಟ್ಯೂಬು ನೊರೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಟಾರ್ಚ್ ಬೆಳಕಿನಲ್ಲಿ ಬಿಳಿ ಗೋಡೆಯನ್ನೇ ನೋಡುತ್ತ ಕೂತೆವು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಎಡಗಡೆ ಮೂಲೆಯಲ್ಲಿ ಒಂದು ಕಡೆ ನೊರೆಯಲ್ಲಿ ಸಣ್ಣ ಗುಳಿ, ಮಗುವಿನ ಕೆನ್ನೆಯ ಗುಳಿಯ ಹಾಗೆ. ಅದೇ. ಎರಡೂ ತುದಿಗೆ ಬೆಣೆ ಹೊಡೆದು ಆ ಟ್ಯೂಬನ್ನು ಮುಚ್ಚಿದೆವು. ಸಾವಿರಾರರಲ್ಲಿ ಒಂದು.

ಇನ್ನು ಊರವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಹೊಗೆ ಮತ್ತು ಬೂದಿ.

ಬಾಯ್ಲರಿನಿಂದ ಹೊರಟ ಹೊಗೆಯಲ್ಲಿ ಹಾರುಬೂದಿ ಇರುತ್ತದೆ. ಅದನ್ನು ಹಿಡಿಯುವುದು ಇಎಸ್‌ಪಿ, ಅಂದರೆ ವಿದ್ಯುತ್ತಿನಿಂದ ಬೂದಿ ಹಿಡಿಯುವ ಪೆಟ್ಟಿಗೆ. ಪೆಟ್ಟಿಗೆ ಅಂದರೂ ಒಂದು ದೊಡ್ಡ ಕಟ್ಟಡದಷ್ಟು ಇರುತ್ತದೆ. ಒಳಗೆ ಸಾಲು ಸಾಲು ಉಕ್ಕಿನ ತಗಡುಗಳು, ಅವುಗಳ ನಡುವೆ ಹತ್ತಾರು ಸಾವಿರ ವೋಲ್ಟ್ ಕೊಟ್ಟ ತಂತಿಗಳು. ಬೂದಿಯ ಕಣಕ್ಕೆ ವಿದ್ಯುತ್ತು ತಗುಲಿ ಅದು ತಗಡಿಗೆ ಅಂಟುತ್ತದೆ. ಆಗಾಗ ಸುತ್ತಿಗೆ ಬಡಿದು ಬೂದಿಯನ್ನು ಕೆಳಗಿನ ಹಾಪರಿಗೆ ಬೀಳಿಸುತ್ತದೆ. ಸರಿಯಾಗಿ ಕೆಲಸ ಮಾಡಿದರೆ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಜಾಸ್ತಿ ಬೂದಿ ಹಿಡಿಯುತ್ತದೆ. ಉಳಿದದ್ದು ಚಿಮಣಿಯಿಂದ ಮೇಲೆ. 500 ಮೆಗಾವ್ಯಾಟಿನ ಮೇಲಿನ ಯೂನಿಟಿಗೆ 275 ಮೀಟರ್ ಚಿಮಣಿ ಬೇಕು ಅಂತ ನಿಯಮ ಮಾಡಿದ್ದರು. ಮುರುಡೇಶ್ವರದ ರಾಜಗೋಪುರದ ಮೂರು ಪಟ್ಟಿಗೂ ಜಾಸ್ತಿ. ಎತ್ತರದ ಚಿಮಣಿ ಹೊಗೆಯನ್ನು ಕಡಿಮೆ ಮಾಡುವುದಿಲ್ಲ, ದೂರ ಹರಡುತ್ತದೆ ಅಷ್ಟೇ. ಹಿಡಿಯುವ ಕೆಲಸ ಕೆಳಗೇ ಆಗಬೇಕು.

ಇಲ್ಲೊಂದು ಸೂಕ್ಷ್ಮ ಉಂಟು. ಯೂನಿಟನ್ನು ಶುರು ಮಾಡುವಾಗ ಮೊದಲು ಉರಿಸುವುದು ಎಣ್ಣೆ. ಬಾಯ್ಲರ್ ಬಿಸಿಯಾಗದೆ ಕಲ್ಲಿದ್ದಲಿನ ಪುಡಿ ಸರಿಯಾಗಿ ಹೊತ್ತಿಕೊಳ್ಳುತ್ತದೆ ಅಂತ ನಂಬುವ ಹಾಗಿಲ್ಲ. ಒಂದು ತಣ್ಣನೆಯ ಶುರುವಿಗೆ ಹತ್ತಾರು ಸಾವಿರ ಲೀಟರ್ ಎಣ್ಣೆ ಬೇಕು. ಅರೆಬರೆ ಉರಿದ ಎಣ್ಣೆಯ ಮಸಿ ಇಎಸ್‌ಪಿಯ ತಗಡಿಗೆ ಅಂಟಿದರೆ ಕಿಡಿಗೆ ಬೆಂಕಿಯೇ ಹತ್ತಬಹುದು. ಹಾಗಾಗಿ ಎಣ್ಣೆ ಉರಿಯುವಷ್ಟು ಹೊತ್ತು ಇಎಸ್‌ಪಿಯನ್ನು ಪೂರ್ತಿ ಹಾಕುವುದಿಲ್ಲ. ಶುರುವಿನ ಗಂಟೆಗಳಲ್ಲಿ ಚಿಮಣಿಯಿಂದ ಕಪ್ಪು ಹೊಗೆ ಕಾಣುವುದು ಇದೇ ಕಾರಣಕ್ಕೆ. ಮಗಾ, ನೀನು ಕೇಳಿದ ಹಾಗೆ ದಿನಾ ರಾತ್ರಿ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಿದರೆ, ದಿನಾ ಬೆಳಿಗ್ಗೆ ಈ ಹೊಗೆ.

ಆದರೆ ನಿನ್ನ ಪ್ರಶ್ನೆ ಈಗ ದೊಡ್ಡವರ ಪ್ರಶ್ನೆಯೂ ಆಗಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಆಗಿದೆ. ರಾಜ್ಯದಲ್ಲಿ ಗಾಳಿಯ ಕರೆಂಟೂ ಜಾಸ್ತಿಯಾಗಿದೆ. ಮಧ್ಯಾಹ್ನ ಬಿಸಿಲಿಗೆ ಬೇಕಾದಷ್ಟು ಕರೆಂಟು, ಸಂಜೆ ಏಳಕ್ಕೆ ಒಮ್ಮೆಲೇ ಇಲ್ಲ. ಹಾಗಾಗಿ ಕಲ್ಲಿದ್ದಲಿನ ಸ್ಥಾವರಗಳಿಗೆ ಮಧ್ಯಾಹ್ನ ಲೋಡ್ ಇಳಿಸಿ, ಸಂಜೆ ಏರಿಸಿ ಅನ್ನುತ್ತಿದ್ದಾರೆ. ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ನಿಯಮವನ್ನೇ ತಂದಿದೆ. ಯೂನಿಟುಗಳು ನೂರಕ್ಕೆ 55ರವರೆಗೆ ಇಳಿಯಲು ತಯಾರಿರಬೇಕು, ಮುಂದೆ ಹಂತ ಹಂತವಾಗಿ 40ಕ್ಕೆ.

ಬಿಸಿಲಿನ ಕರೆಂಟು ಬರಲೇಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಈ ಯಂತ್ರಗಳನ್ನು ಕಟ್ಟಿದ್ದು ಒಂದೇ ಸಮನೆ ಓಡಲಿ ಅಂತ. ದಿನಾ ಬಿಸಿ ಏರಿಸಿ ಇಳಿಸಿದರೆ ಆವಿ ಬಂದು ಸೇರುವ ದಪ್ಪ ಗೋಡೆಯ ಹೆಡರ್ ಪೈಪುಗಳು, ಡ್ರಮ್ಮು, ಟರ್ಬೈನಿನ ಹೊರಕವಚ ದಿನಾ ಹಿಗ್ಗಿ ಕುಗ್ಗುತ್ತವೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತ ಇದ್ದರೆ ಒಂದು ಸಲ ತುಂಡಾಗುತ್ತದಲ್ಲ, ಹಾಗೆ. ಮೊದಲ ಬಿರುಕು ಕೂದಲಿನಷ್ಟೂ ಇರುವುದಿಲ್ಲ, ಎಲ್ಲೋ ವೆಲ್ಡಿಂಗಿನ ಮೂಲೆಯಲ್ಲಿ. ಕಡಿಮೆ ಲೋಡಿನಲ್ಲಿ ಜ್ವಾಲೆ ಸಡಿಲ, ಎಣ್ಣೆ ಮತ್ತೆ ಬೇಕಾಗಬಹುದು, ಒಂದು ಯೂನಿಟ್ ಕರೆಂಟಿಗೆ ಉರಿಯುವ ಕಲ್ಲಿದ್ದಲೂ ಜಾಸ್ತಿ. ಇದಕ್ಕೆ ತಪಾಸಣೆ ಹೆಚ್ಚಬೇಕು, ರಿಪೇರಿಗೆ ದಿನ ಕೊಡಬೇಕು, ದುಡ್ಡು ತೆಗೆದಿಡಬೇಕು. ಟ್ಯೂಬು ಒಡೆದು ಜನ ಸುಟ್ಟುಕೊಂಡ ಮೇಲೆ ಕೊಡುವ ದಿನ ಅಲ್ಲ, ಮೊದಲೇ ಕೊಡುವ ದಿನ. ಮೂವತ್ತು ವರ್ಷ ನಾನು ಸಭೆಗಳಲ್ಲಿ ಜಗಳವಾಡಿದ್ದು ಇದೊಂದೇ ವಿಷಯಕ್ಕೆ. ಸ್ಥಾವರದ ಸುತ್ತಲಿನ ಊರವರೂ ಇದನ್ನು ಕೇಳಬೇಕು. ಈ ತಿಂಗಳು ಎಷ್ಟು ಸಲ ಶುರು ಮಾಡಿದಿರಿ? ಆಗ ಇಎಸ್‌ಪಿ ಎಷ್ಟು ಹೊತ್ತು ಬಂದ್ ಇತ್ತು? ಅದರ ಎಷ್ಟು ಫೀಲ್ಡ್, ಅಂದರೆ ತಗಡು ತಂತಿಗಳ ವಿಭಾಗ, ಕೆಟ್ಟಿವೆ? ಇಷ್ಟು ಕೇಳಿದರೆ ಎದುರಿಗೆ ಕೂತವರಿಗೆ ಇವರಿಗೆ ವಿಷಯ ಗೊತ್ತು ಅಂತ ಅರ್ಥವಾಗುತ್ತದೆ. ಬರೀ ಹೊಗೆ ಬರ್ತದೆ ಅಂದರೆ ಉತ್ತರವೂ ಹೊಗೆಯ ಹಾಗೇ ಬರುತ್ತದೆ. ಕಪ್ಪು ಹೊಗೆ ಕಂಡ ದಿನ, ಗಂಟೆ, ಗಾಳಿಯ ದಿಕ್ಕು ಒಂದು ಪುಸ್ತಕದಲ್ಲಿ ಬರೆದಿಡಿ. ಶಾಲೆಯ ಮಕ್ಕಳೇ ಇದನ್ನು ಮಾಡಬಹುದು.

ಮಲ್ಲಿಗೆ ಗಿಡ ಇಟ್ಟ ಅಕ್ಕ ಒಬ್ಬರು ಮೊದಲೇ ಒಂದು ಚೀಟಿ ಕಳಿಸಿದ್ದಾರೆ. ಎಲೆಯ ಮೇಲೆ ಕೂತ ಧೂಳು ಎಲ್ಲಿಯದು ಅಂತ ತಿಳಿಯುವುದು ಹೇಗೆ ಅಂತ. ಅಕ್ಕ, ಇದಕ್ಕೆ ದಾರಿ ಉಂಟು. ರಸ್ತೆಯ ಮಣ್ಣು ಕೆಂಪಗಿರುತ್ತದೆ, ನಮ್ಮ ಮುರಕಲ್ಲಿನ ಬಣ್ಣ. ಕಲ್ಲಿದ್ದಲಿನ ಧೂಳು ಕಪ್ಪು. ಅದು ಯಾರ್ಡಿನಿಂದಲೋ ವ್ಯಾಗನ್ನಿನಿಂದಲೋ ಹಾರುವಂಥದ್ದು, ಬೆರಳಲ್ಲಿ ಉಜ್ಜಿದರೆ ಮಸಿ ಹಿಡಿಯುತ್ತದೆ. ಹಾರುಬೂದಿ ಬೂದು ಬಣ್ಣ, ತುಂಬ ನಯ. ಬರಿಗಣ್ಣಿಗೆ ಸಂಶಯ ಬಂದರೆ ಮೈಕ್ರೋಸ್ಕೋಪಿನಲ್ಲಿ ಇಡಬೇಕು. ಮಣ್ಣು, ಕಲ್ಲಿದ್ದಲು ಎರಡೂ ಒಡೆದ ಚೂರುಗಳಾಗಿ ಕಾಣುತ್ತವೆ, ಮೂಲೆ ಮೂಲೆಯಾಗಿ. ಹಾರುಬೂದಿ ಹಾಗಲ್ಲ. ಅದು ಸಾವಿರದಿನ್ನೂರು ಡಿಗ್ರಿಗೂ ಮೇಲಿನ ಜ್ವಾಲೆಯಲ್ಲಿ ಕರಗಿ, ಗಾಳಿಯಲ್ಲೇ ಹನಿಯಾಗಿ, ಹಾರುತ್ತಲೇ ಗಟ್ಟಿಯಾದದ್ದು. ಅದಕ್ಕೇ ದುಂಡಗೆ, ಗಾಜಿನ ಮಣಿಯ ಹಾಗೆ ಇರುತ್ತದೆ.

ಈ ಮೇಜಿನ ಮೇಲೆ ಮೂರು ಸೀಸೆ ಇಟ್ಟಿದ್ದೇನೆ. ಒಂದರಲ್ಲಿ ಶಾಲೆಯ ಗೇಟಿನ ಹತ್ತಿರದ ಮಣ್ಣು, ಒಂದರಲ್ಲಿ ಕಲ್ಲಿದ್ದಲಿನ ಪುಡಿ, ಒಂದರಲ್ಲಿ ಇಟ್ಟಿಗೆ ಮಾಡುವವರಿಂದ ತಂದ ಹಾರುಬೂದಿ. ಶಾಲೆಯ ಮೈಕ್ರೋಸ್ಕೋಪನ್ನು ಟೀಚರು ಕಿಟಕಿಯ ಹತ್ತಿರ ಇಟ್ಟಿದ್ದಾರೆ, ಬೆಳಕು ಸಾಕಷ್ಟು ಉಂಟು. ಅಕ್ಕ ತಂದ ಮಲ್ಲಿಗೆ ಎಲೆಯೂ ಅಲ್ಲೇ ಇದೆ. ಅದರ ಮೇಲಿನ ಧೂಳನ್ನು ಪಾರದರ್ಶಕ ಟೇಪಿನಲ್ಲಿ ಎತ್ತಿ ಗಾಜಿನ ಮೇಲೆ ಅಂಟಿಸಿದ್ದೇವೆ. ನಾನು ಇನ್ನೂ ನೋಡಿಲ್ಲ. ಮೊದಲು ಮೂರು ಸೀಸೆಯದ್ದು ನೋಡಿ, ಆಮೇಲೆ ಎಲೆಯದ್ದು. ಕಂಡದ್ದನ್ನು ಪುಸ್ತಕದಲ್ಲಿ ಚಿತ್ರ ಬಿಡಿಸಿ. ಮಕ್ಕಳು ಮೊದಲು ಬನ್ನಿ, ಸಾಲಾಗಿ. ಪ್ರಶ್ನೆ ಕೇಳಿದ ಹುಡುಗ ಎಲ್ಲಿ? ನೀನು ಬಾ ಮಗಾ.